ಡಿ ಡ್ರೈವ್‌ನಲ್ಲಿದ್ದ ದನಿ

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 11:10. ಅಹಮದಾಬಾದಿನ ಬೋಪಾಲ್ ಬಡಾವಣೆಯ ಪೊಲೀಸ್ ಠಾಣೆಗೆ ಕೇಶವ ಹಾವನೂರ ಎಂಬ ಐವತ್ತನಾಲ್ಕು ವರ್ಷದ ಗೃಹಸ್ಥರು ಬಂದು, ತಮ್ಮ ಮನೆಯ ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕ್ ಕಳುವಾಗಿದೆ, ಒಯ್ದವನು ರಿಪೇರಿಗೆ ಬಂದಿದ್ದ ಕೀರ್ತಿಭಾಯ್ ಪರ್ಮಾರ್ ಎಂದು ದೂರು ಕೊಟ್ಟರು. ನಮ್ಮ ಕಡೆ ಕೀರ್ತಿ ಎಂದರೆ ಹೆಣ್ಣುಮಗಳ ಹೆಸರು. ಗುಜರಾತಿನಲ್ಲಿ ಮೀಸೆ ನರೆತ ಗಂಡಸರಿಗೂ ಅದೇ ಹೆಸರಿರುತ್ತದೆ.

ಬರೆದುಕೊಳ್ಳಲು ಕುಳಿತಿದ್ದ ಹೆಡ್ ಕಾನ್‌ಸ್ಟೇಬಲ್ ಬಾರೋಟ್ ಡಿಸ್ಕಿನ ಬೆಲೆ ಕೇಳಿದ. ಆರು ವರ್ಷ ಹಳೆಯದು, ಈಗ ಯಾರೂ ಕೊಳ್ಳಲಾರರು ಎಂದರು ಕೇಶವ. ಅದರ ಜಾಗದಲ್ಲಿ ಈಗೇನಿದೆ ಎಂದು ಕೇಳಿದ. ಹೊಸ ಡಿಸ್ಕ್ ಇದೆ, ಅದಕ್ಕೆ ಅವನು ದುಡ್ಡೂ ಇಸಿದುಕೊಂಡಿಲ್ಲ ಎಂದರು. ಬಾರೋಟ್ ಪೆನ್ನು ಕೆಳಗಿಟ್ಟು, ಹಳೆಯದನ್ನು ಒಯ್ದು ಹೊಸದನ್ನು ಇಟ್ಟು ಹೋಗುವ ಕಳ್ಳನ ವಿಳಾಸ ತನಗೂ ಬೇಕು, ತನ್ನ ಸ್ಕೂಟರೂ ಹಳೆಯದಾಗಿದೆ ಎಂದ. ಬಾರೋಟ್ ಕೆಟ್ಟವನಲ್ಲ. ಇಪ್ಪತ್ತಾರು ವರ್ಷ ಠಾಣೆಯ ಕುರ್ಚಿ ಸವೆಸಿದವನ ನಾಲಿಗೆ ಹಾಗಿರುತ್ತದೆ, ಅಷ್ಟೇ. ಆದರೆ ಕೇಶವ ನಿಂತಲ್ಲೇ ಬಿಕ್ಕಿಬಿಕ್ಕಿ ಅಳತೊಡಗಿದರು.

"ನನ್ನ ಹೆಂಡತಿ ದನಿ ಅದರಾಗ ಅದರಿ. ಬ್ಯಾರೆ ಎಲ್ಲೂ ಇಲ್ಲ." ಯಾರಿಗೂ ಹೇಳಿದ್ದಲ್ಲ ಅದು. ಕನ್ನಡದಲ್ಲಿ ತಮಗೆ ತಾವೇ ಹೇಳಿಕೊಂಡದ್ದು.

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ವಿಂಧ್ಯಾ ಕಡತದಿಂದ ತಲೆ ಎತ್ತಿದಳು. ಅವಳ ತಂದೆ ರೈಲ್ವೆ ಗಾರ್ಡ್. ಅರಸೀಕೆರೆಯಿಂದ ಸಾಬರ್ಮತಿಗೆ ವರ್ಗವಾಗಿ ಬಂದವರು ಮತ್ತೆ ಹಿಂದಿರುಗಲಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ವಿಂಧ್ಯಾಳ ಕನ್ನಡ ಅಡುಗೆಮನೆಯಷ್ಟು ದೊಡ್ಡದು. ಅಮ್ಮನೊಂದಿಗೆ ಆಡುವಷ್ಟೇ ಬರುತ್ತದೆ. ಹದಿಮೂರು ವರ್ಷದ ನೌಕರಿಯಲ್ಲಿ ಠಾಣೆಯೊಳಗೆ ಆ ಭಾಷೆ ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಎದ್ದು ಬಂದು ಕೇಶವರನ್ನು ಒಳಗೆ ಕರೆದು ಕೂರಿಸಿದಳು.

ಕೇಶವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ತಾಂತ್ರಿಕ ಅಧಿಕಾರಿ. ಊರು ಹಾವೇರಿ ಜಿಲ್ಲೆ. ಹೆಂಡತಿ ವೇದಾ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಎರಡು ವರ್ಷದ ಹಿಂದೆ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಬುದ್ಧಿ ಮಾತ್ರ ಕೂದಲೆಳೆಯಷ್ಟೂ ಮಾಸಿಲ್ಲ. ಮಾತು ನಿಲ್ಲುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ವಡೋದರಾದ ಒಂದು ಪ್ರಯೋಗಶಾಲೆಯವರು ಕಣ್ಣಿನಿಂದ ನಡೆಸುವ ಯಂತ್ರ ಕೊಡುತ್ತಾರೆ. ಕಣ್ಣು ಅಕ್ಷರದ ಮೇಲೆ ನಿಂತರೆ ಯಂತ್ರ ಮಾತಾಡುತ್ತದೆ. ಅದರಲ್ಲಿ ಸಿದ್ಧ ಕನ್ನಡ ದನಿಯೂ ಇದೆ, ಆದರೆ ಅದು ವಾರ್ತೆ ಓದಿದ ಹಾಗೆ ಮಾತಾಡುತ್ತದೆ. ಈ ಬಾಯಿಂದ ಮಗಳನ್ನು ಬೈದರೆ ಅವಳು ನಗುತ್ತಾಳೆ ಎಂದು ವೇದಾ ಆಗಲೇ ಹೇಳಿಬಿಟ್ಟಿದ್ದರಂತೆ. ಅದಕ್ಕೇ ನಾಲಿಗೆ ಮಾತು ಕೇಳುತ್ತಿದ್ದ ಏಳು ತಿಂಗಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮದೇ ಮಾತಿನಲ್ಲಿ 1,640 ವಾಕ್ಯ ರೆಕಾರ್ಡ್ ಮಾಡಿದ್ದರು. ಪ್ರಯೋಗಶಾಲೆಗೆ ಕನಿಷ್ಠ ಸಾವಿರ ವಾಕ್ಯ ಬೇಕು. ಅಷ್ಟಿದ್ದರೆ ಯಂತ್ರಕ್ಕೆ ವೇದಾರದೇ ದನಿ ಬರುತ್ತದೆ.

"ಈಗ ಮತ್ತೆ ರೆಕಾರ್ಡ್ ಮಾಡಕ್ಕಾಗಲ್ವಾ?" ವಿಂಧ್ಯಾ ಕೇಳಿದಳು.

"ಈಗ ಬರೇ ಸಪ್ಪಳ ಬರ್ತದರಿ. ಶನಿವಾರ ಶ್ವಾಸನಾಳಕ್ಕ ತೂತು ಹಾಕ್ತಾರ. ಆಮ್ಯಾಲೆ ಅದೂ ಇಲ್ಲ."

"ಇನ್ನೊಂದು ಕಾಪಿ?"

ಕೇಶವ ತಲೆ ತಗ್ಗಿಸಿದರು. ಸಿ ಡ್ರೈವ್‌ನಲ್ಲಿ ಒಂದು, ಡಿ ಡ್ರೈವ್‌ನಲ್ಲಿ ಒಂದು ಇಟ್ಟಿದ್ದರು. ಕಂಪ್ಯೂಟರ್ ಕೆಟ್ಟರೆ ಹೋಗುವುದು ಸಿ, ಡಿಗೆ ಏನೂ ಆಗುವುದಿಲ್ಲ ಎಂದು ನಮ್ಮ ದೇಶದ ಮನೆಮನೆಯಲ್ಲೂ ನಂಬಿಕೊಂಡು ಬಂದಿದ್ದೇವೆ. ಎರಡೂ ಒಂದೇ ಡಿಸ್ಕಿನ ಎರಡು ಭಾಗ ಎಂಬುದನ್ನು ಯಾರೂ ನೆನೆಯುವುದಿಲ್ಲ. ಆಫೀಸಿನಲ್ಲಿ ಪ್ರತಿ ಕಡತಕ್ಕೆ ಮೂರು ಪ್ರತಿ ಇಡುವ ಮನುಷ್ಯ ಕೇಶವ. ಮನೆಯಲ್ಲಿ ಡಿ ಇದೆಯಲ್ಲ ಎಂದು ನಿಶ್ಚಿಂತೆಯಿಂದಿದ್ದರು. ಅದನ್ನು ಹೇಳುವಾಗ ಅವರ ಮುಖ ನೋಡಲಾಗದೆ ವಿಂಧ್ಯಾ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದಳು.

ಕಣ್ಣಿನ ಯಂತ್ರ ಹಳೆಯ ವಿಂಡೋಸ್‌ನಲ್ಲಿ ಓಡುವುದಿಲ್ಲ, ಹನ್ನೊಂದನೆಯದೇ ಬೇಕು ಎಂದು ಪ್ರಯೋಗಶಾಲೆಯವರು ಹೇಳಿದ್ದರು. ಭಾನುವಾರ ಅದನ್ನು ಹಾಕಲು ಬಂದವನೇ ಕೀರ್ತಿಭಾಯ್. ಸಂಜೆ ಮಗಳು ನೋಡಿದಾಗ ಒಳಗಿದ್ದದ್ದು ಹೊಸ ಡಿಸ್ಕ್, ಅದರಲ್ಲಿದ್ದದ್ದು 212 ವಾಕ್ಯ, ಎಲ್ಲ ಚಿಕ್ಕಚಿಕ್ಕವು: ಹೂಂ, ಬ್ಯಾಡ, ನೀರು ಕೊಡು, ಫ್ಯಾನ್ ಹಚ್ಚು. ಅಂದಿನಿಂದ ಕೀರ್ತಿಭಾಯ್ ಫೋನ್ ಎತ್ತಿಲ್ಲ. ಅಂಗಡಿಗೆ ಬೀಗ ಬಿದ್ದಿದೆ.

ಐದು ಸಾವಿರದ ಒಳಗಿನ ಕಳವನ್ನು ಹಾಗೆಲ್ಲ ಎಫ್‌ಐಆರ್ ಮಾಡಿ ಬೆನ್ನು ಹತ್ತಲು ಬರುವುದಿಲ್ಲ. ವಿಂಧ್ಯಾ ಕಾನೂನಿನ ಪುಸ್ತಕ ತಿರುವಿ, ಒಪ್ಪಿಸಿದ ವಸ್ತುವನ್ನು ದಕ್ಕಿಸಿಕೊಂಡ ನಂಬಿಕೆ ದ್ರೋಹಕ್ಕೆ ನ್ಯಾಯ ಸಂಹಿತೆಯ ಕಲಂ 316(2), ಜೊತೆಗೆ ಐಟಿ ಕಾಯ್ದೆಯ ಕಲಂ 66 ಹಾಕಿದಳು. ಮಧ್ಯಾಹ್ನ 12:50ಕ್ಕೆ ಎಫ್‌ಐಆರ್ ದಾಖಲಾಯಿತು. ತನಿಖೆ ತನ್ನ ಹೆಸರಿಗೇ ತೆಗೆದುಕೊಂಡಳು.

ಕಂಪ್ಯೂಟರ್ ಕೆಲಸ ಬಲ್ಲ ಕಾನ್‌ಸ್ಟೇಬಲ್ ದಿವ್ಯಾಳನ್ನು ಕರೆದು, ಇದು ಎಷ್ಟು ಅವಸರದ್ದು ಎಂದು ಕೇಳಿದಳು. ಅಳಿಸಿದ್ದು ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ ಸಾಹೇಬ್, ಅದರ ಮೇಲೆ ಹೊಸದು ಬರೆದಾಗ ಹೋಗುತ್ತದೆ ಎಂದಳು ದಿವ್ಯಾ. ಆ ಡಿಸ್ಕನ್ನು ಅವನು ಯಾವುದಾದರೂ ಕಂಪ್ಯೂಟರಿಗೆ ಹಾಕಿ ಓಡಿಸುತ್ತಿದ್ದರೆ ಗಂಟೆಗಂಟೆಗೂ ಒಂದಷ್ಟು ವಾಕ್ಯ ಸಾಯುತ್ತಿರುತ್ತವೆ.

ಮಧ್ಯಾಹ್ನ 2:30ಕ್ಕೆ ಬೋಪಾಲಿನ ಆ ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿಯಲ್ಲಿ ಪಂಚನಾಮೆ ಆಯಿತು. ನೆರೆಮನೆಯ ಇಬ್ಬರು ಪಂಚರಾದರು. ಕಂಪ್ಯೂಟರ್ ಕೊಂಡಾಗಿನ ರಸೀದಿಯಲ್ಲಿದ್ದ ಡಿಸ್ಕಿನ ನಂಬರು ಒಂದು, ಒಳಗಿದ್ದ ಡಿಸ್ಕಿನ ನಂಬರು ಇನ್ನೊಂದು. ಹೊಸ ಡಿಸ್ಕಿನ ಮೇಲೆ ವಿಂಡೋಸ್ ಕುಳಿತದ್ದು ಭಾನುವಾರ ಮಧ್ಯಾಹ್ನ 2:20ಕ್ಕೆ ಎಂದು ದಿವ್ಯಾ ತೆಗೆದು ತೋರಿಸಿದಳು. ಕೀರ್ತಿಭಾಯ್ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ನಡುವಿನ ನಾಲ್ಕು ಗಂಟೆ ಏನು ಮಾಡಿದ ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕೇಶವ ಆಸ್ಪತ್ರೆಗೆ ಹೋಗಿದ್ದರು, ಮಗಳು ಕಾಲೇಜಿನ ಕೆಲಸಕ್ಕೆ ಹೋಗಿದ್ದಳು, ನೋಡಿಕೊಳ್ಳುವ ಹೆಂಗಸು ಅಡುಗೆಮನೆಯಲ್ಲಿದ್ದಳು.

"ಅಮ್ಮ ಇದ್ದಳಲ್ಲ," ಎಂದಳು ಮಗಳು ಅರ್ಚಿತಾ. ಇಪ್ಪತ್ತು ವರ್ಷದ ಹುಡುಗಿ. "ಇದೇ ರೂಮ್‌ನಲ್ಲಿ. ಎಲ್ಲಾ ನೋಡಿದ್ದಾಳೆ. ಯಾರೂ ಅವಳನ್ನ ಕೇಳೇ ಇಲ್ಲ."

ವಿಂಧ್ಯಾಳಿಗೆ ನಾಚಿಕೆಯಾಯಿತು. ತಾನೂ ಬಂದು ಅರ್ಧ ಗಂಟೆಯಾಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತ ಹೆಂಗಸಿಗೆ ಒಂದು ನಮಸ್ಕಾರ ಹಾಕಿದ್ದು ಬಿಟ್ಟರೆ ಸಾಮಾನುಗಳ ಜೊತೆಗೇ ಲೆಕ್ಕ ಹಿಡಿದಿದ್ದಳು.

ಅರ್ಚಿತಾ ರಟ್ಟಿನ ಮೇಲೆ ಬರೆದ ಕನ್ನಡ ವರ್ಣಮಾಲೆ ತಂದಳು. ಮೊದಲು ಸಾಲಿನ ಮೇಲೆ ಬೆರಳಿಡುತ್ತಾಳೆ, ಸರಿಯಾದ ಸಾಲಿಗೆ ವೇದಾ ರೆಪ್ಪೆ ಬಡಿಯುತ್ತಾರೆ. ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಒತ್ತಕ್ಷರ ಬಂದರೆ ಇನ್ನೊಂದು ಸುತ್ತು. ಬೋಪಾಲಿನಲ್ಲಿ ಬೆಳೆದ ಹುಡುಗಿ ಕನ್ನಡ ಓದಲು ಬರೆಯಲು ಕಲಿತದ್ದೇ, ರೆಕಾರ್ಡಿಂಗ್ ಶುರುವಾಗುವ ಮೊದಲು, ಅಮ್ಮ ಬರೆಸಿದ ಈ ರಟ್ಟಿನಿಂದ. ಸಾಕ್ಷಿಯ ಹೇಳಿಕೆ ಎಂದು ಬರೆದು ವಿಂಧ್ಯಾ ಕಾದು ಕುಳಿತಳು. ಇಪ್ಪತ್ತೆರಡು ನಿಮಿಷಕ್ಕೆ ಮೂರು ವಾಕ್ಯ ಬಂದವು.

*ನೋಡಿದೆ. ಕೂಗಿದೆ. ನೀರು ಕೊಟ್ಟ.*

ಅರ್ಚಿತಾ ಕೈಯಲ್ಲಿದ್ದ ರಟ್ಟು ಕೆಳಗಿಟ್ಟು ಆಚೆ ಹೋದಳು. ವಿಂಧ್ಯಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಪರದೆಯ ಮೇಲೆ ಏನೋ ತಪ್ಪಾಗುವುದನ್ನು ಈಕೆ ಕಂಡಿದ್ದಾರೆ. ಗಂಟಲಲ್ಲಿ ಉಳಿದಷ್ಟೂ ಸಪ್ಪಳ ಒಗ್ಗೂಡಿಸಿ ಕೂಗಿದ್ದಾರೆ. ಬಾಯಾರಿರಬೇಕು ಎಂದುಕೊಂಡು ಆ ಮನುಷ್ಯ ಎದ್ದು ಬಂದು ನೀರು ಕುಡಿಸಿ, ಮತ್ತೆ ಹೋಗಿ ತಪ್ಪನ್ನೇ ಮುಂದುವರಿಸಿದ್ದಾನೆ. ಹೇಳಿಕೆಯ ಕೆಳಗೆ ಸಹಿಯ ಬದಲು ಹೆಬ್ಬೆಟ್ಟು ಒತ್ತಿಸಲು ವೇದಾರ ಹೆಬ್ಬೆರಳನ್ನು ವಿಂಧ್ಯಾಳೇ ಹಿಡಿದು ಶಾಯಿಗೆ ಒತ್ತಿದಳು.

ಸಂಜೆ 5:15ಕ್ಕೆ ವಿಂಧ್ಯಾ ಮತ್ತು ಬಾರೋಟ್ ಕೀರ್ತಿಭಾಯ್ ಮನೆಗೆ ಹೋದರು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಮಾತಾಡಿದಳು. ಭಾನುವಾರ ಮನೆಗೆ ಬಂದವನು ಉಂಡಿಲ್ಲ, ಸೋಮವಾರ ಚೀಲ ಹಿಡಿದು ವಡೋದರಾಕ್ಕೆ ಹೋದ, ಏನು ಎತ್ತ ಎಂದು ಬಾಯಿ ಬಿಡಲಿಲ್ಲ. ವಡೋದರಾದಲ್ಲಿ ಯಾರಿದ್ದಾರೆ ಎಂದು ಬಾರೋಟ್ ಕೇಳಿದ. ಕೆಲಸ ಕಲಿಸಿದ ರಾಣಾ ಸಾಹೇಬ್ ಇದ್ದಾರೆ ಎಂದಳು. ಫೋನಿನ ಟವರ್ ವಿವರವೂ ಅದನ್ನೇ ಹೇಳಿತು. ಸೋಮವಾರ ಮಧ್ಯಾಹ್ನ 3:40ಕ್ಕೆ ವಡೋದರಾದ ಕಾರೇಲಿಬಾಗ್‌ನಲ್ಲಿ ಫೋನು ಬಂದ್ ಆಗಿತ್ತು.

ಬುಧವಾರ, 19ನೇ ತಾರೀಕು. ಬೆಳಿಗ್ಗೆ 9:45ಕ್ಕೆ, ದಿವ್ಯಾಳನ್ನೂ ಕರೆದುಕೊಂಡು, ಅವರು ರಾಣಾ ಸಾಹೇಬರ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ಮುದುಕ. ಐಟಿಐನಲ್ಲಿ ಪಾಠ ಹೇಳಿ ನಿವೃತ್ತರಾದವರು. ಪೊಲೀಸರನ್ನು ಕಂಡು ಹೆದರಲಿಲ್ಲ. ಬದಲಿಗೆ, ತಡವಾಗಿ ಬಂದಿರಿ ಎಂದು ಗದರಿದರು. ತಮ್ಮ ಫೋನನ್ನು ತಾವೇ ತೆಗೆದು ತೋರಿಸಿದರು. ಭಾನುವಾರ ಬೆಳಿಗ್ಗೆ 11:02ಕ್ಕೆ ಕೀರ್ತಿಭಾಯ್ ಕಳಿಸಿದ ಫೋಟೋ ಅದರಲ್ಲಿತ್ತು. ಕಂಪ್ಯೂಟರ್ ಪರದೆ, ಅದರ ಮೇಲೆ ಈ ಡಿಸ್ಕಿನಲ್ಲಿ ವಿಂಡೋಸ್ ಹಾಕಲಾಗದು ಎಂಬ ಸಂದೇಶ.

ದಿವ್ಯಾ ಅದನ್ನು ವಿಂಧ್ಯಾಳಿಗೆ ಬಿಡಿಸಿ ಹೇಳಿದಳು. ಡಿಸ್ಕನ್ನು ಭಾಗ ಮಾಡಿ, ಎಲ್ಲಿ ಯಾವುದಿದೆ ಎಂದು ಬರೆದಿಡುವ ಒಂದು ನಕ್ಷೆ ಡಿಸ್ಕಿನ ತಲೆಯಲ್ಲೇ ಇರುತ್ತದೆ. ಹಳೆಯ ಕಂಪ್ಯೂಟರಿನದು ಹಳೆಯ ನಮೂನೆಯ ನಕ್ಷೆ, ಹೊಸ ವಿಂಡೋಸಿಗೆ ಹೊಸ ನಮೂನೆಯೇ ಬೇಕು. ಸಿ ಭಾಗವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ನಕ್ಷೆ ಬದಲಾಗುವುದಿಲ್ಲ, ಅದೇ ತಪ್ಪು ಬರುತ್ತಲೇ ಇರುತ್ತದೆ. ರಿಪೇರಿಯವರು ಸಾಮಾನ್ಯವಾಗಿ ಬಳಸುವ ದಾರಿ ಒಂದೇ. ಕಪ್ಪು ಪರದೆ ತೆರೆದು 'ಕ್ಲೀನ್' ಎಂದು ಬರೆದು ಎಂಟರ್ ಒತ್ತುವುದು. ಅದು ಸಿ ಎನ್ನುವುದಿಲ್ಲ, ಡಿ ಎನ್ನುವುದಿಲ್ಲ, ಇಡೀ ನಕ್ಷೆಯನ್ನೇ ಒರೆಸಿಹಾಕುತ್ತದೆ.

ರಾಣಾ ಸಾಹೇಬರು ಉತ್ತರ ಬರೆದಿದ್ದರು: ಕ್ಲೀನ್ ಮಾಡು, ಆದರೆ ಮೊದಲು ಡಿ ಕಾಪಿ ತೆಗೆ. 11:04ಕ್ಕೆ ಕೀರ್ತಿಭಾಯ್ ಉತ್ತರ: ತೆಗೆದಾಯಿತು.

"ತೆಗೆದಿದ್ದನಾ?" ವಿಂಧ್ಯಾ ಕೇಳಿದಳು.

"ತೆಗೆದಿದ್ದ. ಅದೇ ದುರಂತ."

ಅರ್ಚಿತಾ ಪ್ರತಿ ರೆಕಾರ್ಡಿಂಗಿಗೂ ಇಡೀ ವಾಕ್ಯವನ್ನೇ ಹೆಸರಾಗಿ ಕೊಟ್ಟಿದ್ದಳು, ಕನ್ನಡದಲ್ಲಿ. ಯಾವ ಮಾತು ಎಲ್ಲಿದೆ ಎಂದು ಹುಡುಕಲು ಸುಲಭವಾಗಲಿ ಎಂದು ತಾಯಿಯೇ ಹಾಗೆ ಹೇಳಿದ್ದರು. ಕೀರ್ತಿಭಾಯ್ ತನ್ನ ಡಿಸ್ಕಿನಲ್ಲಿ ಗಿರಾಕಿಯ ಹೆಸರು, ಬಡಾವಣೆ, ತಿಂಗಳು, ತಾರೀಕು ಎಂದು ಒಂದರೊಳಗೊಂದು ಫೋಲ್ಡರ್ ಮಾಡಿ ಇಡುವ ಅಚ್ಚುಕಟ್ಟಿನ ಮನುಷ್ಯ. ಉದ್ದದ ಹೆಸರು ಆ ಉದ್ದದ ವಿಳಾಸಕ್ಕೆ ಸೇರಿ ಮಿತಿ ಮೀರಿತು. ಹೆಸರು ತೀರ ಉದ್ದವಾಯಿತು, ಇದನ್ನು ಬಿಟ್ಟು ಮುಂದೆ ಹೋಗಲೇ ಎಂದು ಕಂಪ್ಯೂಟರ್ ಕೇಳಿತು. ಓದಲು ಬಾರದ ಲಿಪಿ. ಯಾವುದೋ ಕೆಲಸಕ್ಕೆ ಬಾರದ ಕಸ ಎಂದುಕೊಂಡ. ಎಲ್ಲವನ್ನೂ ಹೀಗೇ ಬಿಡು ಎಂಬಲ್ಲಿ ಒತ್ತಿದ. ಬಹುಶಃ ವೇದಾ ಕೂಗಿದ್ದು ಆಗಲೇ. ಚಿಕ್ಕ ಹೆಸರಿನ 212 ವಾಕ್ಯ ಪಾರಾದವು, ಮಿಕ್ಕ 1,428 ಅಲ್ಲೇ ಉಳಿದವು. ಆಮೇಲೆ ಕ್ಲೀನ್ ಒತ್ತಿದ. ಅದೇ ಡಿಸ್ಕಿಗೆ ವಿಂಡೋಸ್ ಹಾಕಿದ, ಕಾಪಿ ತೆಗೆದ ಮನೆಯವರ ಫೋಟೋ, ವಿಡಿಯೋ ಎಲ್ಲವನ್ನೂ ಮರಳಿ ತುಂಬಿದ. ಸರಿಯಾಗಿದೆಯೇ ಎಂದು ಎಣಿಸಿ ನೋಡಿದಾಗ ಮೊದಲಿದ್ದ 1,640ರಲ್ಲಿ 212 ಮಾತ್ರ ಇದ್ದವು.

ಸೋಮವಾರ ತಮ್ಮ ಮುಂದೆ ಆ ಡಿಸ್ಕ್ ಇಟ್ಟು ಕುಳಿತಿದ್ದ ಎಂದರು ರಾಣಾ. ತಮ್ಮಿಂದ ಆಗಲಿಲ್ಲ. ಡಿಸ್ಕೇ ಹಣ್ಣಾಗಿತ್ತು, ಓದುತ್ತ ಓದುತ್ತ ನಿಂತುಬಿಡುತ್ತಿತ್ತು. ಸೂರತ್ತಿನ ವರಾಛಾದಲ್ಲಿ ವಘಾಸಿಯಾ ಎಂಬವನಿದ್ದಾನೆ, ವಜ್ರ ಅಳೆಯುವ ಯಂತ್ರಗಳ ಡಿಸ್ಕ್ ಕೆಟ್ಟರೆ ಅವನೇ ಬದುಕಿಸುವುದು, ಅಲ್ಲಿಗೆ ಹೋಗು ಎಂದು ಕಳಿಸಿದ್ದರು.

"ತಪ್ಪಾಯಿತು ಅಂತ ಆ ಮನೆಯವರಿಗೆ ಹೇಳು ಅನ್ನಲಿಲ್ವಾ ನೀವು?"

"ಅಂದೆ. ಆಗಲ್ಲ ಅಂತ ತಲೆ ಅಲ್ಲಾಡಿಸಿದ. ಫೋನು ತೆಗೆದು ಬಂದ್ ಮಾಡಿದ."

ಹೇಳಿಕೆ, ಫೋನಿನ ಪಂಚನಾಮೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ವರಾಛಾದಲ್ಲಿ ವಘಾಸಿಯಾ ಎಂಬ ಅಡ್ಡಹೆಸರಿನವರು ಬೀದಿಗೆ ಹತ್ತು ಜನ. ಬುಧವಾರ ಸಂಜೆಯೆಲ್ಲ ಬಾರೋಟ್ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದರೂ ಸರಿಯಾದವನು ಸಿಗಲಿಲ್ಲ. ಕೇಶವರಿಂದ ಆ ದಿನ ಏಳು ಸಲ ಫೋನು ಬಂತು. ಹುಡುಕ್ತಾ ಇದ್ದೀವಿ ಎಂದು ಏಳನೆಯ ಸಲವೂ ಹೇಳಿ ವಿಂಧ್ಯಾ ಫೋನಿಟ್ಟಳು. ಈ ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಅಸಹಾಯಕಳು ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಗುರುವಾರ, 20ನೇ ತಾರೀಕು, ಮಧ್ಯಾಹ್ನ 2:15. ವಜ್ರ ಉಜ್ಜುವ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿ ವಘಾಸಿಯಾ ಸಿಕ್ಕಿದ. ಕೆಳಗೆ ಚಕ್ರಗಳು ತಿರುಗುವ ಸದ್ದು, ಮೇಲೆ ಗಾಜಿನ ಕೋಣೆ. ಒಳಗೆ ಮೇಜಿನ ಮೇಲೆ ಕೇಬಲ್ಲಿಗೆ ಹಚ್ಚಿದ ಒಂದು ಬರಿಯ ಡಿಸ್ಕ್, ಅದರ ಪಕ್ಕ ಚಿಕ್ಕ ಫ್ಯಾನು, ಅದರ ಎದುರು ಗಡ್ಡ ಬೆಳೆದ ನಲವತ್ತೈದರ ಮನುಷ್ಯ. ಸಮವಸ್ತ್ರ ಕಂಡವನು ಎದ್ದು ಓಡಲಿಲ್ಲ. ಒಂದು ಕೈಯೆತ್ತಿ, ಬಾಗಿಲು ಮೆಲ್ಲಗೆ ಹಾಕಿ, ಮೇಜು ಅಲುಗಬಾರದು ಎಂದ.

"ಕೀರ್ತಿಭಾಯ್ ಪರ್ಮಾರ್?"

"ಹೌದು ಸಾಹೇಬ್."

"ಆ ಡಿಸ್ಕ್ ಕೇಶವ ಹಾವನೂರರದ್ದಾ?"

"ಹೌದು. ಎಂಬತ್ನಾಲ್ಕು ಪರ್ಸೆಂಟ್ ಆಗಿದೆ."

ಮಂಗಳವಾರ ಬೆಳಿಗ್ಗೆಯಿಂದ ಹೀಗೇ ಕುಳಿತಿದ್ದಾನೆ ಎಂದ ವಘಾಸಿಯಾ. ಡಿಸ್ಕನ್ನು ಇಂಚಿಂಚಾಗಿ ಓದಿ ಇನ್ನೊಂದಕ್ಕೆ ಇಳಿಸುತ್ತಿದ್ದಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಉಸಿರು ಕಟ್ಟಿ ನಿಲ್ಲುತ್ತದೆ, ಆಗ ಕರೆಂಟು ತೆಗೆದು, ತಣಿಸಿ, ಬಿಟ್ಟಲ್ಲಿಂದ ಮತ್ತೆ ಹಚ್ಚಬೇಕು. ತನಗೆ ವಜ್ರದವರ ಕೆಲಸ ತಲೆಯ ಮೇಲಿದೆ, ಇಷ್ಟು ಹೊತ್ತು ಇದರ ಮುಂದೆ ಕೂರಲು ಈತನಲ್ಲದೆ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ ಎಂದ. ಈಗ ಕಿತ್ತರೆ ಎಂದು ವಿಂಧ್ಯಾ ಕೇಳಿದಳು. ಮತ್ತೆ ಎದ್ದರೆ ನಿಮ್ಮ ಅದೃಷ್ಟ ಎಂದ.

ಕಾನೂನು ನೇರವಾಗಿತ್ತು. ಮುದ್ದೆಮಾಲು ಕಣ್ಣೆದುರಿಗಿದೆ, ಜಪ್ತಿ ಮಾಡಿ ಮೊಹರು ಹಾಕಿ ಹೊರಡಬೇಕು. ಎಸಿಪಿ ಸಾಹೇಬರು ಫೋನಿನಲ್ಲಿ ಅದನ್ನೇ ಹೇಳಿದರು. ಆರೋಪಿಯ ಕೈಯಲ್ಲೇ ಸಾಕ್ಷ್ಯ ಬಿಟ್ಟು ಕೂತೆ ಎಂದು ನಾಳೆ ಕೋರ್ಟಿನಲ್ಲಿ ಅವನ ವಕೀಲನೇ ನಿನ್ನ ಜನ್ಮ ಜಾಲಾಡುತ್ತಾನೆ ಎಂದರು. ಅದೂ ಸುಳ್ಳಲ್ಲ. ವಿಂಧ್ಯಾ ಆಗಲಿ ಸರ್ ಎಂದು ಫೋನಿಟ್ಟು, ಇಬ್ಬರು ಪಂಚರನ್ನು ಕರೆಸಿ, ಮೊಬೈಲಿನ ವಿಡಿಯೋ ಹಚ್ಚಿಸಿ, ಪಂಚನಾಮೆಯಲ್ಲಿ ಬರೆಸಿದಳು: ವಸ್ತು ಚಾಲನೆಯಲ್ಲಿದೆ, ನಿಲ್ಲಿಸಿದರೆ ಸಾಕ್ಷ್ಯ ನಾಶವಾಗುವ ಸಂಭವವಿರುವುದರಿಂದ ಕೆಲಸ ಮುಗಿದ ಮೇಲೆ ಜಪ್ತಿ ಮಾಡಲಾಗುವುದು, ಇದು ತನಿಖಾಧಿಕಾರಿಯ ಸ್ವಂತ ಹೊಣೆ. ಬಾರೋಟ್ ಆ ಕೊನೆಯ ಮಾತನ್ನು ಬರೆಯುವ ಮುನ್ನ ಒಮ್ಮೆ ಅವಳ ಮುಖ ನೋಡಿದ. ಈ ಸಲ ಚೇಷ್ಟೆಯ ಮಾತೇನೂ ಆಡಲಿಲ್ಲ.

ಕಾಯುವ ಹೊತ್ತಿನಲ್ಲಿ ವಿಚಾರಣೆ ನಡೆಯಿತು. ಕೀರ್ತಿಭಾಯ್ ಉತ್ತರ ಕೊಡುತ್ತ ಕೊಡುತ್ತ ಕಣ್ಣನ್ನು ಡಿಸ್ಕಿನಿಂದ ತೆಗೆಯಲಿಲ್ಲ. ಎರಡು ಸಲ ಅದು ನಿಂತಿತು, ಎರಡು ಸಲವೂ ವಿಂಧ್ಯಾ ಪ್ರಶ್ನೆ ನಿಲ್ಲಿಸಿದಳು. ರಾಣಾ ಹೇಳಿದ್ದನ್ನೆಲ್ಲ ಅವನೂ ಒಪ್ಪಿಕೊಂಡ.

"ಆ ತಾಯಿ ಕೂಗಿದ್ದು ಕೇಳಿಸಿತ್ತಾ?"

"ಕೇಳಿಸಿತು. ನೀರು ಕುಡಿಸಿದೆ."

"ಯಾಕೆ ಕೂಗಿದರು ಅಂತ ಯಾವಾಗ ಗೊತ್ತಾಯ್ತು?"

ಎಣಿಸಿ ನೋಡಿ 212 ಎಂದು ಕಂಡ ಕೂಡಲೇ ತಿರುಗಿ ನೋಡಿದೆ, ಆಕೆ ನನ್ನನ್ನೇ ನೋಡುತ್ತಿದ್ದರು, ಆಗ ಗೊತ್ತಾಯಿತು ಎಂದ. ಆಕೆಯ ಕಣ್ಣೆದುರಿಗೇ ಹಳೆಯ ಡಿಸ್ಕ್ ತೆಗೆದು ಚೀಲಕ್ಕೆ ಹಾಕಿಕೊಂಡು, ಹೊಸದನ್ನು ಹಾಕಿ, ಅದರಲ್ಲೂ ವಿಂಡೋಸ್ ಕೂರಿಸಿ, ತೆಗೆದಿದ್ದ ಕಾಪಿ ತುಂಬಿ ಬಂದಿದ್ದ.

ಸಂಜೆ 6:05ಕ್ಕೆ ಮೊದಲ ಸುತ್ತು ಮುಗಿಯಿತು. ಹೆಸರು ಬರೆದಿಟ್ಟ ಪಟ್ಟಿ ಅಳಿದುಹೋಗಿತ್ತು. ಸಿಕ್ಕಿದ್ದು ಬರಿಯ ದನಿಗಳು, ಒಂದು ಎರಡು ಮೂರು ಎಂದು ನಂಬರು ಹೊತ್ತವು. ಒಟ್ಟು 611. ಇವು ಫಿರ್ಯಾದಿಯ ಹೆಂಡತಿಯವೇ ಎಂದು ಗುರುತಿಸಿ ಪಂಚನಾಮೆಯಲ್ಲಿ ಬರೆಯಬೇಕಿತ್ತು. ಆ ಮಹಡಿಯಲ್ಲಿ ಕನ್ನಡ ಬಲ್ಲವಳು ಒಬ್ಬಳೇ. ವಿಂಧ್ಯಾ ಹೆಡ್‌ಫೋನ್ ಹಾಕಿಕೊಂಡಳು. ಆಗಲೇ ಸ್ವಲ್ಪ ತೊದಲುತ್ತಿದ್ದರೂ ಗಟ್ಟಿಯಾಗಿದ್ದ, ನಗುತ್ತಿದ್ದ ಒಂದು ಹೆಂಗಸಿನ ದನಿ ಕೇಳಿಸಿತು.

"ಹಸಕೊಂಡು ಹೋಗಬ್ಯಾಡ, ಎರಡು ತುತ್ತು ತಿಂದು ಹೋಗು."

"ನಿಮ್ಮಪ್ಪನ ಕೂಡ ವಾದಾ ಹಾಕಬ್ಯಾಡ, ಮೊದಲೇ ಅವರಿಗೆ ಬೀಪಿ ಅದ."

"ನನಗ ನಿದ್ದಿ ಬರವಲ್ತು, ಒಂದೀಟು ಇಲ್ಲೇ ಕೂಡು."

"ನೀ ಯಾರನ್ನ ಮದುವಿ ಆದರೂ ಮೊದಲ ನನ್ನ ಮುಂದ ಹೇಳು, ನಾ ಬೈಯೂದಿಲ್ಲ."

ಅವಳು ಗುಜರಾತಿಯಲ್ಲಿ ಅರ್ಥ ಹೇಳುತ್ತ ಹೋದಳು, ಬಾರೋಟ್ ಒಂದೊಂದಾಗಿ ಬರೆದುಕೊಂಡ. ಹತ್ತು ಕೇಳಿ ಸಾಕೆಂದು ಹೆಡ್‌ಫೋನ್ ತೆಗೆದಳು. ಕೀರ್ತಿಭಾಯ್ ಅದುವರೆಗೆ ಆ ಮಾತುಗಳ ಅರ್ಥವೇನೆಂದು ತಿಳಿದವನಲ್ಲ. ಈಗ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. 6:40ಕ್ಕೆ ಡಿಸ್ಕನ್ನೂ ಅದರ ಪ್ರತಿಯನ್ನೂ ಜಪ್ತಿ ಮಾಡಿ ಮೊಹರು ಹಾಕಿದರು. 6:50ಕ್ಕೆ ಅವನನ್ನು ಬಂಧಿಸಿ, ಬಂಧನದ ಕಾಗದಕ್ಕೆ ಸಹಿ ತೆಗೆದುಕೊಂಡರು.

ಸಹಿ ಆದ ಮೇಲೆ ವಿಂಧ್ಯಾ ಉಳಿದಿದ್ದ ಒಂದೇ ಪ್ರಶ್ನೆ ಕೇಳಿದಳು. "ಆ ಮನೆಯವರಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀನು ಕಳ್ಳ ಆಗ್ತಿರಲಿಲ್ಲ."

"ಕಳವಾದದ್ದು ಎಲ್ಲಾದರೂ ಇರುತ್ತೆ ಸಾಹೇಬ್, ಸಿಗಬಹುದು ಅಂತ ಕಾಯಬಹುದು. ಅಳಿಸಿಹೋಯಿತು ಅಂದರೆ ಆ ತಾಯಿ ಏನನ್ನ ಕಾಯಬೇಕು? ಕಳ್ಳ ಅಂತಲೇ ಅಂದುಕೊಳ್ಳಲಿ ಅಂತ ಬಿಟ್ಟೆ."

ಶುಕ್ರವಾರ, 21ನೇ ತಾರೀಕು. ಬೆಳಿಗ್ಗೆ ಅವನನ್ನು ಅಹಮದಾಬಾದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. 611 ದನಿಗಳ ನಕಲನ್ನು ಫಿರ್ಯಾದಿಗೆ ಕೊಡಲು ಅಪ್ಪಣೆ ಸಿಕ್ಕಿತು. ಮಧ್ಯಾಹ್ನ 3:30ಕ್ಕೆ ವಿಂಧ್ಯಾ ಬೋಪಾಲಿನ ಮನೆಯಲ್ಲಿದ್ದಳು. ಆಸ್ಪತ್ರೆಗೆ ಒಯ್ಯುವ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು.

ಕೇಶವ ಕೈಮುಗಿದು ನಿಂತರು. ಅರ್ಚಿತಾ ಒಂದರ ಹಿಂದೊಂದು ಹಚ್ಚಿ ಕೇಳಿಸಿದಳು. ತನ್ನದೇ ದನಿ ಕೋಣೆಯಲ್ಲಿ ಓಡಾಡುವುದನ್ನು ವೇದಾ ಕಣ್ಣು ಮಿಟುಕಿಸದೆ ಕೇಳಿದರು. ಅವರಿಗೆ ಎಲ್ಲವನ್ನೂ ಹೇಳಬೇಕೆಂದು ವಿಂಧ್ಯಾಳಿಗೆ ಅನ್ನಿಸಿತು. ಹೊಸದಾಗಿ ಸೈಕಲ್ ಕಲಿತವರಂತೆ ಎಡವುತ್ತ, ಬಾರದ ಕಡೆ ಹಿಂದಿ ಬೆರೆಸುತ್ತ, ಕೀರ್ತಿಭಾಯ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಳು. ಈಗ ಸಿಕ್ಕ 611, ಮೊದಲೇ ಉಳಿದಿದ್ದ 212 ಸೇರಿ ಒಟ್ಟು ಎಂಟುನೂರ ಇಪ್ಪತ್ತಮೂರು, ಪ್ರಯೋಗಶಾಲೆಗೆ ಬೇಕಾದದ್ದು ಸಾವಿರ ಎಂದಳು. ಡಿಸ್ಕನ್ನು ಹಿಂದುಮುಂದಾಗಿ ಇನ್ನೊಂದು ಸುತ್ತು ಓದಿಸಿದರೆ ಮತ್ತಷ್ಟು ಸಿಗಬಹುದು ಎಂದು ವಘಾಸಿಯಾ ಹೇಳಿದ್ದಾನೆ, ಎಂಟು ಹತ್ತು ದಿನ ಯಾರಾದರೂ ಎದುರಿಗೇ ಕೂರಬೇಕು, ತನಗೆ ಬಿಡುವಿಲ್ಲ ಎಂದಿದ್ದಾನೆ ಎಂದೂ ಹೇಳಿದಳು.

ವೇದಾ ರಟ್ಟಿನ ಕಡೆ ನೋಡಿದರು. ಮಗಳು ಬೆರಳಿಟ್ಟಳು.

*ಸಾಲದು.*

ವೇದಾರ ಕಣ್ಣು ರಟ್ಟಿನ ಮೇಲೇ ಇತ್ತು. ಅರ್ಚಿತಾ ಮತ್ತೆ ಮೊದಲ ಸಾಲಿಗೆ ಬೆರಳು ತಂದಳು. ಸಾಲು, ಅಕ್ಷರ, ಕಾಗುಣಿತ. ಹೊರಗೆ ಆಂಬುಲೆನ್ಸಿನವನು ಬಂದು ಕರೆಗಂಟೆ ಒತ್ತಿದ, ಕೇಶವ ಹೋಗಿ ಕಾಯಲು ಹೇಳಿ ಬಂದರು. ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು.

*ಅವನನ್ನು ಬಿಡಿ. ಅವನೇ ಹುಡುಕಲಿ.*

ಬಿಡುವುದು ಕೋರ್ಟಿನ ಕೈಯಲ್ಲಿದೆ ಎಂದು ಹೇಳಲು ಹೋಗಿ ವಿಂಧ್ಯಾ ನುಂಗಿಕೊಂಡಳು. ಸಂಜೆ 5:10ಕ್ಕೆ ಠಾಣೆಗೆ ಮರಳಿ, ಮ್ಯಾಜಿಸ್ಟ್ರೇಟರಿಗೆ ವರದಿ ಬರೆಯಲು ಕುಳಿತಳು. ಆರೋಪಿಗೆ ಜಾಮೀನು ಕೊಡಲು ತನಿಖಾಧಿಕಾರಿಯ ತಕರಾರಿಲ್ಲ. ಮುದ್ದೆಮಾಲಾದ ಡಿಸ್ಕಿನಲ್ಲಿ ಇನ್ನೂ 817 ವಾಕ್ಯ ಉಳಿದಿರುವ ಸಂಭವವಿದ್ದು, ಅದನ್ನು ಪೊಲೀಸ್ ಕಾವಲಿನಲ್ಲಿ ಸೂರತ್ತಿಗೆ ಕಳಿಸಿ ಆರೋಪಿಯ ಕೈಯಿಂದಲೇ ಓದಿಸಲು ಅಪ್ಪಣೆಯಾಗಬೇಕು. ಕಾರಣ ಎಂಬ ಕಡೆ ಅವಳು ವೇದಾ ಹಾವನೂರ, ಸಾಕ್ಷಿ, ಎಂದು ಬರೆದು, ಅವರು ಆ ಮಧ್ಯಾಹ್ನ ರಟ್ಟಿನಲ್ಲಿ ಹೇಳಿದ್ದ ಮೂರೂ ವಾಕ್ಯಗಳನ್ನು ಹಾಗೆಯೇ ಇಳಿಸಿದಳು.